ಕೆರೆ ದಂಡೆಯಲ್ಲಿ ಗಾಳದ ಸ್ಪರ್ಧೆ: ಮೊದಲ ಸೀಟಿಯಿಂದ ತಕ್ಕಡಿವರೆಗೆ

ಗಾಳ ಹಾಕಿ ಕೂರುವುದು ನಮ್ಮ ಕಡೆ ಹೊಸದೇನಲ್ಲ. ಕಾರಂಜಾ, ಬೆಣ್ಣೆತೊರಾ, ಅಮರ್ಜಾ ಹಿನ್ನೀರಿನ ದಂಡೆಯಲ್ಲಿ ಕೋಲು ಹಿಡಿದು ಕೂತವರನ್ನು ನೀವೂ ನೋಡಿರುತ್ತೀರಿ, ಅಲ್ವಾ? ಅದನ್ನೇ ಗಡಿಯಾರ, ತಕ್ಕಡಿ ಇಟ್ಟು ಆಡಿದರೆ ಸ್ಪರ್ಧೆ. ಇಂಗ್ಲೆಂಡಿನ ಕೆರೆಗಳಲ್ಲಿ ಇದು ವಾರವಾರ ನಡೆಯುವ ಆಟ. ಎಲ್ಲರಿಗೂ ಒಂದೊಂದು ಗೂಟ, ಅಂದರೆ ಗೂಟ ನೆಟ್ಟು ಗುರುತು ಮಾಡಿದ ಕೂರುವ ಜಾಗ, ಎಲ್ಲರಿಗೂ ಅದೇ ಐದು ತಾಸು. ಕೊನೆಗೆ ಯಾರ ಮೀನಿನ ಒಟ್ಟು ತೂಕ ಜಾಸ್ತಿಯೋ ಅವರು ಗೆದ್ದರು. ಮೀನು ಮತ್ತೆ ಜೀವಂತ ಕೆರೆಗೆ. ಗೆಳೆಯರು ಹತ್ತು ಜನ ಸೇರಿದರೆ ನಮ್ಮಲ್ಲೂ ಮಾಡಬಹುದು.

ಮೊದಲು ಅನುಮತಿ. ಮರಿ ಬಿಟ್ಟು ಬೆಳೆಸಿದ ಕೆರೆಯ ಮೀನು ಗುತ್ತಿಗೆ ಹಿಡಿದವರದ್ದು, ಬಹಳ ಕಡೆ ಅದು ಮೀನುಗಾರರ ಸಹಕಾರ ಸಂಘ. ಅವರ ಹತ್ತಿರ ಹೋಗಿ, ಗೂಟಕ್ಕೆ ಇಷ್ಟು ಎಂದು ಹಣ ಕೊಡುತ್ತೇವೆ, ಮೀನು ನಿಮಗೇ ಬಿಡುತ್ತೇವೆ ಎಂದು ಬಾಯಿಬಿಟ್ಟು ಹೇಳಿ. ಅವರ ಹೊಟ್ಟೆಪಾಡಿನ ಕೆರೆ ಅದು. ಕೇಳದೆ ಗಾಳ ಇಳಿಸಬಾರದು. ಸುರಪುರ ತಾಲ್ಲೂಕಿನ ಬೋನಾಳದಂಥ ಪಕ್ಷಿಧಾಮದ ಕೆರೆಗಳನ್ನು ಪೂರ್ತಿ ಬಿಟ್ಟುಬಿಡಿ.

ದಿನ ನವೆಂಬರಿನಿಂದ ಫೆಬ್ರುವರಿಯೊಳಗೆ ಇರಲಿ. ಬೇಸಿಗೆಯಲ್ಲಿ ನಮ್ಮ ಬಿಸಿಲು ನಿಮಗೇ ಗೊತ್ತು. ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ. ಹಿಡಿದ ಮೀನನ್ನು ಬಲೆಯಲ್ಲಿ ಇಟ್ಟರೆ ಸಾಯುತ್ತವೆ.

ಬೆಳಿಗ್ಗೆ ಏಳಕ್ಕೆ ಚೀಟಿ ಎತ್ತಿಸಿ. ಗೂಟಗಳ ನಡುವೆ ಹದಿನೈದು ಹೆಜ್ಜೆಯಾದರೂ ಅಂತರ ಬೇಕು. ಕೊನೆಯ ಗೂಟ ಸಿಕ್ಕವರಿಗೆ ಒಂದು ಕಡೆ ಯಾರೂ ಇರುವುದಿಲ್ಲ, ಅದು ಅವರ ಅದೃಷ್ಟ. ಮಧ್ಯದ ಗೂಟ ಬಂದರೆ ಬೇಜಾರಾಗಬೇಡಿ. ಸೀಟಿ ಹೊಡೆಯುವುದು ಎಂಟಕ್ಕೆ. ಅಲ್ಲಿವರೆಗಿನ ಒಂದು ತಾಸಿನಲ್ಲೇ ಅರ್ಧ ಕೆಲಸ ಮುಗಿಯುತ್ತೆ.

ಆ ಕೆಲಸ ಆಳ ನೋಡುವುದು. ಇದನ್ನು ಬಿಟ್ಟವರೇ ಜಾಸ್ತಿ. ಗಾಳಕ್ಕೆ ಒಂದು ಭಾರದ ಸೀಸದ ಗುಂಡು ಸಿಕ್ಕಿಸಿ, ನೀವು ಕೂರುವ ಜಾಗದ ಎದುರಿಗೆ ಎಸೆಯಿರಿ. ದಾರಕ್ಕೆ ಸಿಕ್ಕಿಸಿದ, ನೀರಿನ ಮೇಲೆ ತೇಲುವ ಬೆಂಡು ಪೂರ್ತಿ ಮುಳುಗಿದರೆ ದಾರ ಸಾಲದು, ಬೆಂಡನ್ನು ಮೇಲೆ ಸರಿಸಿ. ಬೆಂಡು ಅಡ್ಡ ಮಲಗಿದರೆ ದಾರ ಜಾಸ್ತಿಯಾಯಿತು, ಕೆಳಗೆ ಸರಿಸಿ. ತುದಿ ಮಾತ್ರ ಕಾಣುವಂತೆ ನಿಂತರೆ ನಿಮ್ಮ ಗಾಳ ನೆಲ ಮುಟ್ಟಿದೆ. ಎಡಕ್ಕೆ, ಬಲಕ್ಕೆ, ಇನ್ನಷ್ಟು ಮುಂದಕ್ಕೆ ಎಸೆದು ಹೀಗೇ ನೋಡುತ್ತಾ ಹೋಗಿ. ಎಲ್ಲೋ ಒಂದು ಕಡೆ ನೆಲ ಒಮ್ಮೆಗೇ ಇಳಿಯುತ್ತೆ. ಆ ಇಳಿಜಾರಿನ ಬುಡದಲ್ಲೇ ಮೀನು ಮೇಯುತ್ತಾ ಓಡಾಡುತ್ತವೆ. ಸಿಕ್ಕ ಆಳವನ್ನು ಕೋಲಿನ ಮೇಲೆ ಬಣ್ಣದ ಟೇಪಿನಿಂದ ಗುರುತು ಮಾಡಿ. ಬೆಂಡು ಜರುಗಿದರೂ ಮತ್ತೆ ಅಲ್ಲಿಗೇ ತರಬಹುದು.

ಯಾವ ಆಳ ಎಂಬುದು ಮೀನಿನ ಮೇಲೆ. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತೆ, ರೋಹು ನಡುವೆ, ಮೃಗಾಲ್ ಮತ್ತು ಗೆಂಡೆ ನೆಲದ ಮೇಲೆ. ಸ್ಪರ್ಧೆಗೆ ನಾನು ನೆಲವನ್ನೇ ನಂಬುತ್ತೇನೆ. ನಾಲ್ಕು ಕಿಲೋ ಕಾಟ್ಲಾ ಒಂದನ್ನು ಕಾಯುತ್ತಾ ಕೂರುವ ಬದಲು ಅರ್ಧ ಕಿಲೋ ಗೆಂಡೆ ಇಪ್ಪತ್ತು ಹಿಡಿದರೆ ಹತ್ತು ಕಿಲೋ ಆಗುತ್ತೆ.

ಇನ್ನು ಮೀನನ್ನು ಹತ್ತಿರ ಕರೆಯಲು ನೀರಿಗೆ ಹಾಕುವ ಮೇವು. ಶೇಂಗಾ ಹಿಂಡಿ ತನ್ನಿ. ಊಟಕ್ಕೆ ರೊಟ್ಟಿ ಜೊತೆ ತಿನ್ನುವ ಹಿಂಡಿ ಅಲ್ಲ, ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ, ದನಕ್ಕೆ ಹಾಕುವ ಹಿಂಡಿ. ಅದನ್ನು ಕುಟ್ಟಿ, ಜೋಳದ ಹಿಟ್ಟು ಸೇರಿಸಿ, ಕೆರೆ ನೀರನ್ನೇ ಚಿಮುಕಿಸಿ ಕಲಸಿ. ಅಂಗೈಯಲ್ಲಿ ಹಿಸುಕಿದರೆ ಉಂಡೆಯಾಗಬೇಕು, ಬೆರಳಿನಿಂದ ಒತ್ತಿದರೆ ಪುಡಿಯಾಗಬೇಕು. ಒಂದು ಹಿಡಿ ಕರಿಮಣ್ಣು ಬೆರೆಸಿದರೆ ಉಂಡೆ ಸೀದಾ ತಳಕ್ಕೆ ಹೋಗಿ ಅಲ್ಲಿ ನೀರು ಕದಡುತ್ತೆ. ಮಣ್ಣು ಜಾಸ್ತಿಯಾದರೆ ಉಂಡೆ ಒಡೆಯುವುದೇ ಇಲ್ಲ. ಸೀಟಿಗೆ ಮುಂಚೆ ಕಲಸಬಹುದು, ನೀರಿಗೆ ಹಾಕುವಂತಿಲ್ಲ.

ಮೊದಲ ಸಲ ನಾನು ಸೀಟಿ ಹೊಡೆದ ಕೂಡಲೇ ಅರ್ಧ ಬುಟ್ಟಿ ಸುರಿದೆ. ಗುಳ್ಳೆ ಎದ್ದವು, ಮೀನು ಬಂದವು, ಹೊಟ್ಟೆ ತುಂಬ ತಿಂದವು. ಎರಡು ತಾಸು ಬೆಂಡು ಅಲುಗಲಿಲ್ಲ. ಪಕ್ಕದಲ್ಲಿ ಬಲೆ ಒಣಗಿಸುತ್ತಿದ್ದ ಮುದುಕ ಮೀನುಗಾರರೊಬ್ಬರು ನೋಡಿ, "ತಮ್ಮಾ, ಊಟ ಹಾಕಬ್ಯಾಡ, ರುಚಿ ಹಚ್ಚು" ಅಂದರು. ಅವತ್ತಿನಿಂದ ಶುರುವಿಗೆ ನಿಂಬೆಹಣ್ಣಿನ ಗಾತ್ರದ ಮೂರು ಉಂಡೆ, ಆಮೇಲೆ ಐದೈದು ನಿಮಿಷಕ್ಕೆ ಅಡಿಕೆಯಷ್ಟು ಒಂದೇ ಒಂದು. ಮೀನು ಸಿಗಲಿ ಬಿಡಲಿ, ಅದೇ ಜಾಗಕ್ಕೆ. ಐದು ತಾಸೂ ಕೈ ತಪ್ಪಬಾರದು. ಗಾಳಕ್ಕೆ ಎರೆಹುಳು ಅಥವಾ ಹಿಟ್ಟಿನ ಸಣ್ಣ ಉಂಡೆ. ಜಿಲೇಬಿ ಮೀನಿನ ಮರಿಗಳು ಹುಳು ಕಚ್ಚಿ ಕಚ್ಚಿ ಕಾಟ ಕೊಟ್ಟರೆ ಹಿಟ್ಟನ್ನು ಸ್ವಲ್ಪ ಗಟ್ಟಿ ಮಾಡಿ.

ಬೆಂಡು ನಡುಗಿದ ಕೂಡಲೇ ಎಳೆಯಬೇಡಿ, ಅದು ಸುಮ್ನೆ ಮೂಸುವುದು. ಪಕ್ಕಕ್ಕೆ ಜಾರಿಕೊಂಡು ಮುಳುಗಿದಾಗ ಮಣಿಕಟ್ಟಿನಿಂದ ಒಂದು ಎಳೆತ ಸಾಕು. ಕೆಲವು ಸಲ ಬೆಂಡು ಮುಳುಗುವ ಬದಲು ಮೇಲೇಳುತ್ತೆ. ಮೀನು ನೆಲದಿಂದ ಎರೆಯನ್ನೂ ದಾರದ ಸಣ್ಣ ಸೀಸವನ್ನೂ ಎತ್ತಿದೆ ಎಂದರ್ಥ. ಆಗಲೂ ಎಳೆಯಿರಿ.

ಮೀನನ್ನು ಕೈಬಲೆಯಿಂದಲೇ ಎತ್ತಿ. ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಿ, ಒಣ ಕೈ ಮೈಮೇಲಿನ ಲೋಳೆ ಕಿತ್ತು ಗಾಯಕ್ಕೆ ದಾರಿ ಮಾಡುತ್ತೆ. ತುದಿಯ ಹತ್ತಿರ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳು ಇಲ್ಲದ ಗಾಳ ಬಳಸಿ, ಇಲ್ಲದಿದ್ದರೆ ಇಕ್ಕಳದಿಂದ ಮುಳ್ಳನ್ನು ಚಪ್ಪಟೆ ಮಾಡಿಕೊಳ್ಳಿ. ಆಮೇಲೆ ನೀರಿನಲ್ಲೇ ಇಳಿಬಿಟ್ಟ ಉದ್ದನೆಯ ಬಲೆ ಚೀಲಕ್ಕೆ ಬಿಡಿ. ಚೀಲದ ತಳ ಆಳದ ನೀರಿನಲ್ಲಿ, ಸಾಧ್ಯವಾದರೆ ನೆರಳಲ್ಲಿ ಇರಲಿ.

ಒಂದು ಗಂಟೆಗೆ ಕೊನೆಯ ಸೀಟಿ. ಮೀನಿದ್ದ ಚೀಲ ಎತ್ತಿಕೊಂಡು ತಕ್ಕಡಿಗೆ ಓಡಬೇಡಿ, ತಕ್ಕಡಿಯೇ ನಿಮ್ಮ ಗೂಟಕ್ಕೆ ಬರಲಿ. ತೂಗುವ ಒದ್ದೆ ಚೀಲವನ್ನು ಮೊದಲು ಖಾಲಿ ತೂಗಿ ಸೊನ್ನೆ ಮಾಡಿಕೊಳ್ಳಬೇಕು. ಪಕ್ಕದ ಗೂಟದವರು ಸಾಕ್ಷಿ ನಿಲ್ಲಲಿ. ಅಂಕಿ ಬರೆದ ಕೂಡಲೇ ಮೀನನ್ನು ಎಸೆಯದೆ ನೀರಿಗೆ ಇಳಿಸಿ, ಸುಸ್ತಾದದ್ದನ್ನು ಹೊಟ್ಟೆ ಕೆಳಗೆ ಕೈ ಕೊಟ್ಟು ನೆಟ್ಟಗೆ ಹಿಡಿದುಕೊಳ್ಳಿ. ಬಾಲ ಬಡಿದು ತಾನೇ ಹೋಗುತ್ತೆ.

ಕಡಿದ ದಾರದ ತುಂಡುಗಳನ್ನೆಲ್ಲ ಹುಡುಕಿ ಜೇಬಿಗೆ ಹಾಕಿಕೊಳ್ಳಿ. ಸಂಜೆ ಅದೇ ದಂಡೆಗೆ ಎಮ್ಮೆಗಳು ನೀರಿಗೆ ಬರುತ್ತವೆ.