ಆಯುರ್ವೇದವನ್ನೂ ಆಧುನಿಕ ವೈದ್ಯವನ್ನೂ ಒಟ್ಟಿಗೆ ಕಲಿಸುವುದು ಹೇಗೆ: ವೈದ್ಯಕೀಯ ಕಾಲೇಜಿನ ಬೋಧಕರಿಗೆ

ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಆಯುರ್ವೇದ, ಯೋಗ, ಯುನಾನಿ, ಸಿದ್ಧ, ಹೋಮಿಯೋಪತಿ ಮುಂತಾದ ಆಯುಷ್ ಪದ್ಧತಿಗಳ ಪ್ರಾಥಮಿಕ ತಿಳಿವಳಿಕೆ ಇರಬೇಕು, ಆಯುಷ್ ವಿದ್ಯಾರ್ಥಿಗಳಿಗೆ ಆಧುನಿಕ ವೈದ್ಯದ ತಿಳಿವಳಿಕೆ ಇರಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. 2021ರ ಇಂಟರ್ನ್‌ಶಿಪ್ ನಿಯಮಗಳು ಭಾರತೀಯ ವೈದ್ಯಪದ್ಧತಿಗಳಿಗೆಂದು ಒಂದು ವಾರವನ್ನು ಇರಿಸಿವೆ. ಅದು ಬರೀ ಹಾಜರಿಯ ವಾರವಾಗದಂತೆ ನೋಡಿಕೊಳ್ಳುವುದು ಬೋಧಕರ ಕೈಯಲ್ಲಿದೆ.

ಮೊದಲಿಗೆ ಸಮೀಕರಣಗಳನ್ನು ಕೈಬಿಡಿ. ವಾತವೆಂದರೆ ನರಮಂಡಲ, ಪಿತ್ತವೆಂದರೆ ಚಯಾಪಚಯ ಎಂಬಂತಹ ಪಟ್ಟಿಗಳನ್ನು ಬಾಯಿಪಾಠ ಮಾಡುವುದು ಸುಲಭ; ಆದರೆ ಹಾಗೆ ಕಲಿತವನಿಗೆ ವಾತ, ಪಿತ್ತ, ಕಫಗಳೆಂಬ ತ್ರಿದೋಷದ ತರ್ಕವೂ ದಕ್ಕುವುದಿಲ್ಲ, ಶರೀರಕ್ರಿಯಾಶಾಸ್ತ್ರವೂ ದಕ್ಕುವುದಿಲ್ಲ. ತ್ರಿದೋಷ ಸಿದ್ಧಾಂತವನ್ನು ಆಯುರ್ವೇದದ ಅಧ್ಯಾಪಕರೇ ಅದರದೇ ಪರಿಭಾಷೆಯಲ್ಲಿ ವಿವರಿಸಲಿ. ಎರಡೂ ಪದ್ಧತಿಗಳು ನಿಜವಾಗಿ ಎದುರಾಗುವುದು ರೋಗಿಯ ಬಳಿಯಲ್ಲಿ. ಆದ್ದರಿಂದ ಪಾಠವನ್ನು ಒಂದು ನಿರ್ದಿಷ್ಟ ಕಾಯಿಲೆಯ ಸುತ್ತ ಕಟ್ಟಿ, ಇಬ್ಬರು ಅಧ್ಯಾಪಕರನ್ನೂ ಒಂದೇ ಕೊಠಡಿಯಲ್ಲಿ, ಒಂದೇ ಹೊತ್ತಿಗೆ ಕೂರಿಸಿ.

ಆರಂಭಕ್ಕೆ ಭಗಂದರ, ಅಂದರೆ ಗುದದ ಫಿಸ್ಟುಲಾ, ಬಹಳ ಒಳ್ಳೆಯ ವಿಷಯ. ಕಳ್ಳಿಹಾಲು, ಉತ್ತರಾಣಿಯ ಕ್ಷಾರ ಮತ್ತು ಅರಿಶಿನವನ್ನು ಪದರಪದರವಾಗಿ ಲೇಪಿಸಿ ಒಣಗಿಸಿದ ದಾರವಾದ ಕ್ಷಾರಸೂತ್ರವನ್ನು ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ನೋಡಲಿ. ಅದನ್ನು ಕಟ್ಟುವ ಕ್ರಮವನ್ನು ಶಲ್ಯತಂತ್ರದ (ಆಯುರ್ವೇದದ ಶಸ್ತ್ರಚಿಕಿತ್ಸಾ ವಿಭಾಗದ) ಅಧ್ಯಾಪಕರೂ, ಫಿಸ್ಟುಲಾ ಹಾದಿಯ ಅಂಗರಚನೆಯನ್ನು ಸರ್ಜರಿ ಅಧ್ಯಾಪಕರೂ ವಿವರಿಸಲಿ. ಆನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1991ರಲ್ಲಿ ಪ್ರಕಟಿಸಿದ ಬಹುಕೇಂದ್ರ ಪ್ರಯೋಗದ ಫಲಿತಾಂಶವನ್ನು ಮುಂದಿಡಿ: ಕ್ಷಾರಸೂತ್ರದ ಗುಂಪಿನಲ್ಲಿ ಕಾಯಿಲೆ ಮರುಕಳಿಸಿದ್ದು ಶೇ. 4, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 11; ಆದರೆ ಗಾಯ ಮಾಯಲು ಮೊದಲನೆಯದಕ್ಕೆ ಸುಮಾರು ಎಂಟು ವಾರ, ಎರಡನೆಯದಕ್ಕೆ ಸುಮಾರು ನಾಲ್ಕು ವಾರ. ದಿನಗೂಲಿಯ ರೋಗಿಗೆ ಯಾವುದನ್ನು ಹೇಳುವಿರಿ ಎಂದು ಕೇಳಿ, ಚರ್ಚೆಗೆ ಬಿಡಿ. ಯಾವ ಪದ್ಧತಿ ದೊಡ್ಡದು ಎಂಬ ವಾದ ಅಲ್ಲಿಗೆ ತಾನಾಗಿ ಹಿಂದೆ ಸರಿಯುತ್ತದೆ.

ಔಷಧಶಾಸ್ತ್ರದ ತರಗತಿಗೆ ಸರ್ಪಗಂಧ ಸಾಕು. ಮುಂಬೈಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಅಧಿಕ ರಕ್ತದೊತ್ತಡದ ಮೇಲೆ ಅದರ ಪರಿಣಾಮವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ವರದಿ ಮಾಡಿದರು. 1952ರಲ್ಲಿ ಸೀಬಾ ಕಂಪನಿಯ ವಿಜ್ಞಾನಿಗಳು ಅದರ ಬೇರಿನಿಂದ ರಿಸರ್ಪಿನ್ ಎಂಬ ಔಷಧಾಂಶವನ್ನು ಬೇರ್ಪಡಿಸಿದ್ದನ್ನು ಪ್ರಕಟಿಸಿದರು. ಆಮೇಲೆ ಅದನ್ನು ಸೇವಿಸಿದವರಲ್ಲಿ ಖಿನ್ನತೆಯ ವರದಿಗಳು ಬಂದವು. ಗಿಡಮೂಲಿಕೆಯಾದ್ದರಿಂದ ತೊಂದರೆ ಇಲ್ಲ ಎಂಬ ನಂಬಿಕೆಯೂ, ಹಳೆಯದರಲ್ಲಿ ಹುರುಳಿಲ್ಲ ಎಂಬ ಉಡಾಫೆಯೂ ಈ ಒಂದೇ ಬೇರಿನ ಮುಂದೆ ನಿಲ್ಲಲಾರವು.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ರೋಗಿಯ ಔಷಧಿ ವಿವರ ಕೇಳುವುದಕ್ಕೆ. "ಬೇರೆ ಔಷಧಿ ಏನಾದರೂ ತಗೊಳ್ತೀರಾ?" ಎಂದರೆ ನಮ್ಮ ಊರುಗಳ ರೋಗಿಗಳು ಸಾಮಾನ್ಯವಾಗಿ ಇಲ್ಲವೆನ್ನುತ್ತಾರೆ, ಏಕೆಂದರೆ ಮನೆಯ ಕಷಾಯವಾಗಲಿ ನಾಟಿ ವೈದ್ಯರ ಪುಡಿಯಾಗಲಿ ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ. ಕಷಾಯ, ಲೇಹ್ಯ, ಭಸ್ಮ, ಪುಡಿ, ಎಣ್ಣೆ ಎಂದು ಹೆಸರು ಹಿಡಿದು ಕೇಳುವುದನ್ನು, ಗದರಿಸದೆ ಕೇಳುವುದನ್ನು, ಅಭ್ಯಾಸ ಮಾಡಿಸಿ. ಜ್ಯೇಷ್ಠಮಧುವನ್ನು ದೀರ್ಘಕಾಲ ಹೆಚ್ಚು ಪ್ರಮಾಣದಲ್ಲಿ ಸೇವಿಸಿದರೆ ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಹೃದಯದ ಔಷಧಿಯಾದ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಇದು ಅಪಾಯಕಾರಿ. ಸರಿಯಾಗಿ ತಯಾರಾಗದ ಭಸ್ಮಗಳಿಂದ ಸೀಸದ ವಿಷವೇರಬಹುದು. ಕಾರಣ ತಿಳಿಯದ ಹೊಟ್ಟೆನೋವು ಮತ್ತು ರಕ್ತಹೀನತೆ ಒಟ್ಟಿಗೆ ಕಂಡಾಗ ಈ ಪ್ರಶ್ನೆ ನೆನಪಾಗಬೇಕು. ಬಿಎಎಂಎಸ್ (ಆಯುರ್ವೇದ ಪದವಿಯ) ವಿದ್ಯಾರ್ಥಿಗಳೂ ಅದೇ ವಾರ್ಡಿನಲ್ಲಿ ಜೊತೆಗಿದ್ದು, ಹೃದಯಾಘಾತ, ನಂಜು, ಪಾರ್ಶ್ವವಾಯುಗಳಲ್ಲಿ ತಡಮಾಡದೆ ಕಳುಹಿಸಬೇಕಾದ ಲಕ್ಷಣಗಳನ್ನು ಗುರುತಿಸಲು ಕಲಿಯಲಿ.

ಕಾನೂನಿಗೆ ಒಂದು ಗಂಟೆ ಸಾಕು. ಹೋಮಿಯೋಪತಿ ವೈದ್ಯರೊಬ್ಬರು ಅಲೋಪಥಿ ಔಷಧಿ ಕೊಟ್ಟದ್ದನ್ನು ಸುಪ್ರೀಂ ಕೋರ್ಟ್ 1996ರಲ್ಲಿ ನಿರ್ಲಕ್ಷ್ಯವೆಂದು ತೀರ್ಮಾನಿಸಿತು. ಇನ್ನೊಂದು ಪದ್ಧತಿಯನ್ನು ತಿಳಿದಿರುವುದಕ್ಕೂ ಅದರಲ್ಲಿ ಚಿಕಿತ್ಸೆ ಕೊಡುವ ಅಧಿಕಾರಕ್ಕೂ ಇರುವ ಅಂತರವನ್ನು ಈ ಪ್ರಕರಣದಿಂದಲೇ ತಿಳಿಸಬಹುದು.

ಪರೀಕ್ಷೆಯಲ್ಲಿ ಅಂಕವಿಲ್ಲದ್ದನ್ನು ವಿದ್ಯಾರ್ಥಿಗಳು ಓದುವುದಿಲ್ಲ; ಇದನ್ನು ದೂರಿ ಪ್ರಯೋಜನವಿಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ, ಕೇಳಿದ ಹೊರತು ಜ್ಯೇಷ್ಠಮಧುವಿನ ಕಷಾಯದ ವಿಷಯ ಬಾಯಿಬಿಡದ ಅಧಿಕ ರಕ್ತದೊತ್ತಡದ ರೋಗಿಯ ಪಾತ್ರವನ್ನು ಒಬ್ಬರಿಗೆ ಕೊಡಿ; ಕಷಾಯದಲ್ಲಿ ಏನಿದೆ, ಎಷ್ಟು ದಿನದಿಂದ ಕುಡಿಯುತ್ತಿದ್ದಾರೆ ಎಂದು ಹೊರಗೆಳೆದವರಿಗೆ ಅರ್ಧ ಅಂಕ, ಪೊಟ್ಯಾಸಿಯಂ ಪರೀಕ್ಷೆ ಬರೆದವರಿಗೆ ಉಳಿದರ್ಧ ಇರಲಿ.