ವರ್ಚುವಲ್ ಪಿಯಾನೊ: ಮೊದಲು ಡಿಸ್ಕ್ ನೋಡಿ, ಆಮೇಲೆ ದನಿ

ಬಾಗಲಕೋಟೆಯ ನವನಗರದಲ್ಲೋ ಬೆಳಗಾವಿಯ ಟಿಳಕವಾಡಿಯಲ್ಲೋ ಮನೆಯ ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡು ಭಾವಗೀತೆ ರೆಕಾರ್ಡ್ ಮಾಡುತ್ತೀರಾ? ಹಾಗಾದರೆ ವರ್ಚುವಲ್ ಪಿಯಾನೊ, ಅಂದರೆ ಕಂಪ್ಯೂಟರಿನಲ್ಲೇ ಪಿಯಾನೊ ದನಿ ಕೊಡುವ ಸಾಫ್ಟ್‌ವೇರ್, ಹಾಕಿಕೊಳ್ಳುವ ಮೊದಲು ಲ್ಯಾಪ್‌ಟಾಪ್ ನೋಡಿ.

ವರ್ಚುವಲ್ ಪಿಯಾನೊದಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಸ್ಯಾಂಪಲ್ ಪಿಯಾನೊ: ನಿಜವಾದ ವಾದ್ಯದ ಸ್ವರಗಳನ್ನು ಮೆಲ್ಲಗೆ, ಜೋರಾಗಿ ಬಾರಿಸಿ ರೆಕಾರ್ಡ್ ಮಾಡಿರುತ್ತಾರೆ, ಹಾಗಾಗಿ ಕೆಲವು ಹತ್ತಾರು ಜಿಬಿ ಜಾಗ ತಿನ್ನುತ್ತವೆ, ಎಸ್‌ಎಸ್‌ಡಿ (ವೇಗದ ಡಿಸ್ಕ್) ಇಲ್ಲದಿದ್ದರೆ ಲೋಡ್ ಆಗುವಷ್ಟರಲ್ಲಿ ಚಹಾ ಕುಡಿದು ಬರಬಹುದು. ಇನ್ನೊಂದು ಪಿಯಾನೊಟೆಕ್ ಎಂಬ ಸಾಫ್ಟ್‌ವೇರ್‌ನಂಥದ್ದು. ಇದು ದನಿಯನ್ನು ಲೆಕ್ಕ ಹಾಕಿಯೇ ಹುಟ್ಟಿಸುತ್ತದೆ. ಜಾಗ ಕಡಿಮೆ, ಆದರೆ ಪ್ರೊಸೆಸರ್‌ಗೆ ಕೆಲಸ ಜಾಸ್ತಿ. ಪಿಯಾನೊಟೆಕ್‌ನ ಟ್ರಯಲ್‌ನಲ್ಲಿ ಕೆಲವು ಕೀಗಳು ಮೂಕವಾಗಿರುತ್ತವೆ, ಗಾಬರಿಯಾಗಬೇಡಿ.

ದುಡ್ಡು ಹಾಕುವ ಮೊದಲು ಉಚಿತದ್ದು ನೋಡಿ. ಸಲಾಮಾಂಡರ್ ಗ್ರ್ಯಾಂಡ್ ಪಿಯಾನೊ ಯಮಾಹಾ ಸಿ5 ಎಂಬ ನಿಜವಾದ ಪಿಯಾನೊದಿಂದ ರೆಕಾರ್ಡ್ ಮಾಡಿದ್ದು, 16 ವೆಲಾಸಿಟಿ ಪದರಗಳಿವೆ, ಅಂದರೆ ಮೆಲ್ಲಗಿನಿಂದ ಜೋರಿನವರೆಗೆ 16 ಮಟ್ಟದ ರೆಕಾರ್ಡಿಂಗ್. ಇಂಥ ಸ್ಯಾಂಪಲ್‌ಗಳನ್ನು ನುಡಿಸುವ ಸ್ಫೋರ್ಜಾಂಡೊ ಪ್ಲೇಯರ್‌ನಲ್ಲಿ ತೆರೆಯಿರಿ. ಕಲಿಯುವವರಿಗೆ ಇದೇ ಸಾಕು ಅಂತ ನನ್ನ ಅಭಿಪ್ರಾಯ.

ನಮ್ಮ ಕಡೆ ಬಹಳ ಜನ ಹಾರ್ಮೋನಿಯಂನಿಂದ ಬಂದವರು, ಅಲ್ವಾ? ಅಲ್ಲಿ ದನಿಯ ಏರಿಳಿತ ತಿದಿಯಲ್ಲಿದೆ, ಬೆರಳಿನಲ್ಲಿ ಅಲ್ಲ. ಪಿಯಾನೊದಲ್ಲಿ ಎಲ್ಲ ಬೆರಳಿನದ್ದೇ. ಒಂದೇ ಸಮ ಒತ್ತಿದರೆ ಎಷ್ಟು ದುಬಾರಿ ಪಿಯಾನೊ ಆದರೂ ಸಪ್ಪೆಯೇ. ಮೊದಲು ವೆಲಾಸಿಟಿ ಕರ್ವ್ (ಎಷ್ಟು ಜೋರಾಗಿ ಒತ್ತಿದರೆ ದನಿ ಎಷ್ಟು ಏರಬೇಕು ಎಂಬ ಸೆಟ್ಟಿಂಗ್) ಸರಿಮಾಡಿಕೊಳ್ಳಿ. ಕೀ ಒತ್ತಿದ ಮೇಲೆ ದನಿ ತಡವಾಗಿ ಬಂದರೆ ಆಡಿಯೊ ಸೆಟ್ಟಿಂಗ್‌ನಲ್ಲಿ ಬಫರ್ (ದನಿ ಹೊರಬಿಡುವ ಮೊದಲು ಕಂಪ್ಯೂಟರ್ ಕೂಡಿಟ್ಟುಕೊಳ್ಳುವ ತುಣುಕು) 128ಕ್ಕೆ ಇಳಿಸಿ, ಚಟಪಟ ಸದ್ದು ಬಂದರೆ 256 ಮಾಡಿ.