ಕೈ ಹಿಡಿದ್ರ ಹಿಂದಕ್ಕ ಜಗ್ಗಬ್ಯಾಡ್ರಿ

ಕಲಬುರಗಿ ಅಪ್ಪನ ಕೆರಿ ಕಡೆ ಮುಂಜಾನೆ ವಾಕಿಂಗ್ ಹೋಗೋ ಅಕ್ಕ-ತಂಗ್ಯಾರೆ, ಯಾರರೆ ಮೈಮ್ಯಾಲ ಬಂದ್ರ ತಪ್ಪಿಸಿಕೊಳ್ಳಾಕ ಒದಿಯೋದು ಆಮ್ಯಾಲ, ಮೊದಲು ನಿಲ್ಲೋದು ಕಲೀರಿ: ಒಂದು ಕಾಲು ಮುಂದ, ಮೊಣಕಾಲು ತುಸು ಬಗ್ಗಿರಲಿ, ಅಂಗೈ ಎರಡೂ ಎದಿ ಮುಂದ.

ಯಾರರೆ ಮಣಿಕಟ್ಟು ಹಿಡಿದ್ರ, ಅವರ ಹೆಬ್ಬೆರಳು ಉಳಿದ ಬೆರಳಿಗೆ ಕೂಡೋ ಸಂದಿ ನೋಡ್ರಿ. ಹಿಡಿತ ಸಡಿಲ ಇರೋದು ಅಲ್ಲೇ. ಮಣಿಕಟ್ಟಿನ ಸಣ್ಣ ಅಂಚು ಆ ಸಂದಿಗೆ ಬರೋಹಂಗ ಕೈ ತಿರುವಿ, ಮೊಣಕೈ ಮಡಚಿ ಅವರ ಕಡೆ ಒಂದು ಹೆಜ್ಜಿ ಒತ್ತಿ, ಒಮ್ಮೆಲೆ ಬಿಡಿಸಿಕೊಳ್ರಿ. ಜೊತಿಗೇ ಜೋರಾಗಿ ಚೀರ್ರಿ.

ಬಿಡಿಸಿಕೊಂಡ ಮ್ಯಾಲ ಹೊಡೆದಾಟಕ್ಕ ನಿಲ್ಲಲೇಬ್ಯಾಡ್ರಿ. ಜನ ಇರೋ ಕಡೆ ಓಡಿ 112ಕ್ಕ ಫೋನ್ ಹಚ್ರಿ.

ಮನ್ಯಾಗ ಅಣ್ಣ-ತಮ್ಮರ ಜೋಡಿ ಮೆಲ್ಲಕ ರೂಢಿ ಮಾಡ್ರಿ, ಎರಡೂ ಕೈಗೆ, ದಿನಾ ಉಡೋ ಬಟ್ಟಿ ಮ್ಯಾಲನೇ.